ಫಿಲ್ಮ್ ಹಾಕಿಸಿದ ಕಾರಿನ ಗಾಜನ್ನು ಒಳಗಡೆಯಿಂದ ಒರೆಸುವುದು ಹೇಗೆ?

ಪ್ರಶ್ನೆ: ನಮ್ಮದು ನಾಲ್ಕು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಕೊಂಡ ಹೊಸದರಲ್ಲೇ ಜೆ.ಸಿ. ರಸ್ತೆಯಲ್ಲಿ ಪಕ್ಕದ ನಾಲ್ಕು ಗಾಜಿಗೂ ಹಿಂದಿನ ಗಾಜಿಗೂ ತಿಳಿ ಬಣ್ಣದ ಸನ್ ಫಿಲ್ಮ್ ಹಾಕಿಸಿದ್ದೆವು. ಆಯುಧ ಪೂಜೆ ಆದಮೇಲೆ ಗಾಜಿನ ಒಳಗಡೆ ಜಿಡ್ಡಿನಂಥ ಮಬ್ಬು ಕೂತಿದೆ. ರಾತ್ರಿ ಹಿಂದಿನ ಗಾಡಿಯ ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಹಿಂಬಾಗಿಲ ಗಾಜಿನ ಮೇಲೆ ಮಗು ಅರಿಶಿನದ ಬೆರಳು ಬೇರೆ ಒತ್ತಿದೆ. ನಮ್ಮ ಯಜಮಾನರು ಮನೆಯ ಕಿಟಕಿಗೆ ಬಳಸುವ ನೀಲಿ ಸ್ಪ್ರೇ ಹೊಡೆದು ನ್ಯೂಸ್ ಪೇಪರಿನಲ್ಲಿ ಉಜ್ಜಿದರು. ಮಬ್ಬು ಹೋಗಲಿಲ್ಲ, ಮೇಲಾಗಿ ಸಣ್ಣ ಸಣ್ಣ ಗೀರು ಕಾಣುತ್ತಿವೆ. ಆ ಸ್ಪ್ರೇಯಿಂದ ಫಿಲ್ಮ್ ಹಾಳಾಯಿತೆ? ಇನ್ನು ಮುಂದೆ ಹೇಗೆ ಒರೆಸಬೇಕು?
ಓದುಗರು, ಬನಶಂಕರಿ

ಉತ್ತರ: ಒಂದೇ ಸಲ ಹೊಡೆದ ಸ್ಪ್ರೇಗೆ ನಾಲ್ಕು ವರ್ಷದ ಫಿಲ್ಮ್ ಹಾಳಾಗಿರುವ ಸಾಧ್ಯತೆ ತೀರಾ ಕಡಿಮೆ. ಗೀರು ಹಾಕಿದ್ದು ಪೇಪರು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಪೇಪರಿಗೂ ಫಿಲ್ಮಿಗೂ ನಡುವೆ ಸಿಕ್ಕಿಕೊಂಡ ಧೂಳು. ಫಿಲ್ಮ್ ಹಾಕಿಸಿದವರೆಲ್ಲ ಅಮೋನಿಯಾ ಎಂದರೆ ಬೆಚ್ಚಿಬೀಳುತ್ತಾರೆ, ಒಣಬಟ್ಟೆ ಎಂದರೆ ಯಾರಿಗೂ ಭಯವಿಲ್ಲ. ಆದರೆ ಬೆಂಗಳೂರಿನಲ್ಲಿ ಹಾಳಾಗುವ ಫಿಲ್ಮುಗಳ ಮೇಲಿನ ಗೀರುಗಳನ್ನು ನೋಡಿದರೆ, ದೋಷ ಬಾಟಲಿಗಿಂತ ಬಟ್ಟೆಯದೇ ಹೆಚ್ಚು.

ನೀವು ಒಳಗಿನಿಂದ ಒರೆಸುವಾಗ ಕೈಗೆ ಸಿಗುವುದು ಗಾಜಲ್ಲ, ಪ್ಲಾಸ್ಟಿಕ್ಕು. ಫಿಲ್ಮನ್ನು ಯಾವಾಗಲೂ ಗಾಜಿನ ಒಳಮೈಗೆ ಅಂಟಿಸುತ್ತಾರೆ. ಅದು ಸುಮಾರು 40ರಿಂದ 50 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ, ತಲೆಕೂದಲಿಗಿಂತ ತೆಳು. ಗಾಜಿನ ಕಡೆಗೆ ಗೋಂದು, ನಿಮ್ಮ ಕಡೆಗೆ ಕೆಲವೇ ಮೈಕ್ರಾನ್‌ಗಳ ಗಟ್ಟಿ ಲೇಪನ. ಗೀರು ತಡೆಯಬೇಕಾದದ್ದು ಆ ಲೇಪನವೊಂದೇ. ಬೆರಳು, ಮೆತ್ತನೆ ಬಟ್ಟೆ, ಸೀಟ್ ಬೆಲ್ಟಿನ ಪಟ್ಟಿ ಇಷ್ಟನ್ನು ಅದು ತಡೆಯುತ್ತದೆ. ಮರಳಿನ ಕಣ ಮಾತ್ರ ಅದಕ್ಕೆ ತಡೆಯಲಾಗದು. ನಮ್ಮ ಊರಿನ ಧೂಳೆಂದರೆ ಮೆಟ್ರೊ ಕಾಮಗಾರಿಯ ಸಿಮೆಂಟು, ಎಂ-ಸ್ಯಾಂಡ್ ಲಾರಿಯಿಂದ ಉದುರಿದ ಗ್ರಾನೈಟ್ ಪುಡಿ, ಒಂದಿಷ್ಟು ಕೆಂಪು ಮಣ್ಣು. ಗ್ರಾನೈಟ್ ಪುಡಿಯಲ್ಲಿರುವ ಸ್ಫಟಿಕದ ಕಣ ಗಾಜಿಗಿಂತಲೂ ಗಟ್ಟಿ. ಅದು ಬಟ್ಟೆಯಡಿ ಸಿಕ್ಕಿತೆಂದರೆ ಬಟ್ಟೆ ಉಪ್ಪುಕಾಗದವಾಯಿತು ಅಂತಲೇ ಲೆಕ್ಕ.

ಹಾಗಾಗಿ ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು ಯಾವ ಯಾವ ಗಾಜಿಗೆ ಫಿಲ್ಮ್ ಇದೆ ಎನ್ನುವುದು. ಕೆಲವು ಕಾರುಗಳಲ್ಲಿ ಗಾಜಿಗೇ ಕಾರ್ಖಾನೆಯಲ್ಲಿ ತಿಳಿಹಸಿರು ಅಥವಾ ಬೂದು ಬಣ್ಣ ಬಂದಿರುತ್ತದೆ. ಆ ಬಣ್ಣ ಗಾಜಿನ ಒಳಗೇ ಇರುವುದರಿಂದ ಯಾವ ಸ್ಪ್ರೇಗೂ ಹೋಗದು. ಕಂಡುಹಿಡಿಯುವುದು ಸುಲಭ: ಗಾಜನ್ನು ನಾಲ್ಕು ಬೆರಳಿನಷ್ಟು ಕೆಳಗಿಳಿಸಿ ಮೇಲಿನ ಅಂಚನ್ನು ಬೆಳಕಿಗೆ ಹಿಡಿದಂತೆ ನೋಡಿ. ಫಿಲ್ಮ್ ಇದ್ದರೆ ಅಂಚಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ಅದು ಮುಗಿಯುವ ಗೆರೆ ಕಾಣುತ್ತದೆ. ಉಗುರನ್ನು ಮೆಲ್ಲಗೆ ಆಡಿಸಿದರೆ ತಡೆಯುತ್ತದೆ. ಮೆಲ್ಲಗೆ ಎಂದೆವು, ಕೆರೆದು ನೋಡಬೇಡಿ, ಫಿಲ್ಮ್ ಏಳಲು ಶುರುವಾಗುವುದೇ ಆ ಅಂಚಿನಿಂದ.

ಪ್ರಶ್ನೆ ಕೇಳದಿದ್ದರೂ ಕಾನೂನಿನ ಒಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕಾದರೂ ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಗಾಜಿಗೆ ಆಮೇಲೆ ಅಂಟಿಸುವ ಕಪ್ಪು ಫಿಲ್ಮನ್ನು, ಅದರ ಶೇಕಡಾವಾರು ಎಷ್ಟೇ ಇರಲಿ, ಬೇಡವೆಂದಿತು. ನಿಯಮ ತಿದ್ದುಪಡಿಯಾದ ಮೇಲೆ 2024ರಲ್ಲಿ ಕೇರಳ ಹೈಕೋರ್ಟ್ ಈ 70, 50ರ ಮಿತಿಯೊಳಗಿನ ಫಿಲ್ಮಿಗೆ ಅಡ್ಡಿಯಿಲ್ಲ ಎಂದಿದೆ. ಬೆಂಗಳೂರಿನ ರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ ಆ ತೀರ್ಪು ಕೈಹಿಡಿಯುತ್ತದೆಂದು ನೆಚ್ಚಿಕೊಳ್ಳಬೇಡಿ. ಲೆಕ್ಕವೂ ಹಲವರಿಗೆ ತಪ್ಪುತ್ತದೆ: ಶೇ 80 ಬೆಳಕು ಬಿಡುವ ಗಾಜಿಗೆ ಶೇ 70ರ ಫಿಲ್ಮ್ ಅಂಟಿಸಿದರೆ ಒಳಗೆ ಬರುವುದು 56, ಎಪ್ಪತ್ತಲ್ಲ. ಪಕ್ಕದ ಗಾಜಿಗೆ ಅದು ನಡೆದೀತು, ಹಿಂದಿನ ಗಾಜಿಗೆ ಸಾಲದು. ಅದರ ಮೇಲೆ ಜಿಡ್ಡು ಕೂತರೆ ಇನ್ನೂ ಕಡಿಮೆ.

ಈಗ ಅಮೋನಿಯಾ. ಅದು ಬೇಡ ಎನ್ನುವುದು ಸರಿಯೇ, ಕಾರಣ ಮಾತ್ರ ತಿಳಿದಿರಲಿ. ಫಿಲ್ಮಿನ ನಡುಭಾಗದಲ್ಲಿ ಗಟ್ಟಿ ಲೇಪನ ಕಾಪಾಡುತ್ತದೆ. ಆದರೆ ಅಂಚಿನಲ್ಲಿ, ಗೀರು ಬಿದ್ದಲ್ಲಿ, ಸಣ್ಣ ತೂತಿದ್ದಲ್ಲಿ ದ್ರವ ಗೋಂದಿನವರೆಗೆ ಇಳಿಯುತ್ತದೆ. ವಾರವಾರ ಹೀಗೆ ಆದರೆ ಗೋಂದು ಸಡಿಲಗೊಂಡು ಅಂಚು ಸುರುಳುತ್ತದೆ, ಮಂಜುಗಟ್ಟಿದಂತೆ ಕಾಣುತ್ತದೆ. ಬಣ್ಣ ಅದ್ದಿ ತಯಾರಿಸಿದ ಅಗ್ಗದ ಫಿಲ್ಮಿಗೆ ಈ ಕಾಟ ಜಾಸ್ತಿ, ಸೆರಾಮಿಕ್ ಫಿಲ್ಮಿಗೆ ಕಡಿಮೆ. ಹಳೇ ಫಿಲ್ಮ್ ನೇರಳೆ ಬಣ್ಣಕ್ಕೆ ತಿರುಗಿದರೆ ಅದನ್ನು ಸ್ಪ್ರೇಯ ತಲೆಗೆ ಕಟ್ಟಬೇಡಿ, ಅದು ಬಹುಪಾಲು ಬಿಸಿಲಿನ ಕೆಲಸ. ಬಾಟಲಿಯ ಹಿಂದೆ ಅಮೋನಿಯಾ, ಅಮೋನಿಯಂ ಹೈಡ್ರಾಕ್ಸೈಡ್ ಎಂದಿದ್ದರೆ, ಅಥವಾ ಮುಚ್ಚಳ ತೆಗೆದಾಗ ಮೂಗು ಚುರುಗುಟ್ಟಿದರೆ, ಮನೆಯ ಕಿಟಕಿಗೆ ಇಟ್ಟುಕೊಳ್ಳಿ. ನೀಲಿ ಬಣ್ಣ ಯಾವುದಕ್ಕೂ ಸಾಕ್ಷಿಯಲ್ಲ. ಅಮೋನಿಯಾ ಇಲ್ಲದ ಸ್ಪ್ರೇಗೂ ನೀಲಿ ಹಾಕುತ್ತಾರೆ. ನಿಮ್ಮವರು ಹೊಡೆದ ಸ್ಪ್ರೇಯನ್ನು ಬರೀ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರೆಸಿ ತೆಗೆದರೆ ಆ ಅಧ್ಯಾಯ ಮುಗಿಯಿತು.

ಮಬ್ಬು ಎಲ್ಲಿಂದ ಬಂತು

ನಿಮ್ಮ ಗಾಜಿನ ಮೇಲೆ ಎರಡು ಮೂರು ಪದರ ಇರಬೇಕು. ಅಡಿಯಲ್ಲಿ ಹಳೆಯದು: ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಾದಾಗ ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಆವಿಯಾಗಿ ತಣ್ಣನೆಯ ಗಾಜಿನ ಮೇಲೆ ಕೂರುತ್ತದೆ. ಹೊಸ ಕಾರಿನ ವಾಸನೆಯಲ್ಲಿ ಅದರ ಪಾಲೂ ಇದೆ. ಅದರ ಮೇಲೆ ಡ್ಯಾಶ್‌ಬೋರ್ಡ್ ಹೊಳಪಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ. ಪೂಜೆಗೆ ಮುಂಚೆ ಕಾರು ತೊಳೆದು, ಪಾಲಿಶ್ ಹೊಡೆಸುವುದು ವಾಡಿಕೆ. ಆ ತುಂತುರು ಅರ್ಧ ಗಾಜಿಗೇ ಹೋಗುತ್ತದೆ. ಕೊನೆಗೆ ಊದುಬತ್ತಿಯ ಹೊಗೆ, ಕರ್ಪೂರದ ಮಸಿ. ಇವೆರಡೂ ಒಣಧೂಳಿನಂತಲ್ಲ, ಅಂಟುವ ಜಾತಿ. ಬರೀ ನೀರಿಗೆ ಬಗ್ಗುವುದಿಲ್ಲ, ಪೇಪರಿನಲ್ಲಿ ಒರೆಸಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸವರಿಕೊಳ್ಳುತ್ತದೆ ಅಷ್ಟೆ. ನಿಮಗಾದದ್ದು ಇದೇ.

ಮುಂದಿನ ಸಲ ಪಾಲಿಶನ್ನು ಬಟ್ಟೆಗೆ ಹಾಕಿ ಡ್ಯಾಶ್‌ಬೋರ್ಡಿಗೆ ಹಚ್ಚಲು ಹೇಳಿ, ಊದುಬತ್ತಿಯನ್ನು ಬಾಗಿಲು ತೆರೆದಿಟ್ಟು ಬೆಳಗಿ. ಅರ್ಧ ಮಬ್ಬು ಅಲ್ಲೇ ತಪ್ಪುತ್ತದೆ.

ಏನೇನು ಬೇಕು

ನೀರಿನಿಂದ ಶುರುಮಾಡೋಣ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡಸು. ಒಣಗಿದಲ್ಲಿ ಸುಣ್ಣದ ಬಿಳಿ ಚುಕ್ಕೆ ಉಳಿಸುತ್ತದೆ. ಫಿಲ್ಮಿನ ಮೇಲಿನ ಆ ಚುಕ್ಕೆಯನ್ನು ಉಜ್ಜಲು ಹೋದರೆ ಮತ್ತೆ ಗೀರು. ಕಾವೇರಿ ನೀರು ಪರವಾಗಿಲ್ಲ, ಆರ್‌ಒ ನೀರು ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಮೇಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಕೇಳುವಾಗ ‘ಬ್ಯಾಟರಿ ನೀರು’ ಎಂದು ಬಿಡಿಸಿ ಹೇಳಿ, ಮನೆಗೆ ತಂದಮೇಲೂ ಲೇಬಲ್ ಓದಿ. ಪಕ್ಕದಲ್ಲೇ ಅಂಥದ್ದೇ ಕ್ಯಾನಿನಲ್ಲಿ ಬ್ಯಾಟರಿ ಆಸಿಡ್ಡೂ ಇಟ್ಟಿರುತ್ತಾರೆ. ಮನೆಯ ಏಸಿಯಿಂದ ತೊಟ್ಟಿಕ್ಕುವ ನೀರಲ್ಲೂ ಸುಣ್ಣವಿರುವುದಿಲ್ಲ, ತೆಳು ಬಟ್ಟೆಯಲ್ಲಿ ಸೋಸಿಕೊಂಡರೆ ನಡೆಯುತ್ತದೆ. ಇಡೀ ಕಾರಿಗೆ ಒಂದು ಲೀಟರ್ ಬೇಕಾದಷ್ಟಾಯಿತು, ನಿಜಕ್ಕೂ ಖರ್ಚಾಗುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ.

ಎರಡು ಸ್ಪ್ರೇ ಬಾಟಲಿ. ಒಂದರಲ್ಲಿ 500 ಮಿಲಿ ನೀರಿಗೆ ಮೂರು ನಾಲ್ಕು ಹನಿ ಬೇಬಿ ಶಾಂಪೂ. ಹನಿ ಎಂದರೆ ಹನಿಯೇ. ಚಮಚ ಹಾಕಿದರೆ ನೊರೆ ಬಂದು ಗೆರೆಗಳು ಉಳಿಯುತ್ತವೆ, ಅದನ್ನು ತೆಗೆಯಲು ಇನ್ನರ್ಧ ಗಂಟೆ ಬೇಕು. ಇನ್ನೊಂದು ಬಾಟಲಿ ಜಿಡ್ಡಿಗೆ: ಮೆಡಿಕಲ್ ಅಂಗಡಿಯಲ್ಲಿ ಸಿಗುವ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ 70 ಮಿಲಿ, ನೀರು 430 ಮಿಲಿ. ಬೆರೆತಮೇಲೆ ಅದು ಸುಮಾರು ಶೇ 10 ಆಗುತ್ತದೆ. ಅದಕ್ಕಿಂತ ಗಟ್ಟಿ ಮಾಡಬೇಡಿ. ಆಲ್ಕೋಹಾಲ್ ಇದೆಯಲ್ಲ ಎಂದು ಹ್ಯಾಂಡ್ ಸ್ಯಾನಿಟೈಸರ್ ಬಳಸುವವರಿದ್ದಾರೆ. ಅದರಲ್ಲಿ ಕೈ ಒಣಗದಿರಲೆಂದು ಗ್ಲಿಸರಿನ್ ಹಾಕಿರುತ್ತಾರೆ, ಗಾಜು ಇನ್ನಷ್ಟು ಅಂಟಂಟಾಗುತ್ತದೆ.

ಬಟ್ಟೆ ಮೈಕ್ರೋಫೈಬರೇ ಆಗಬೇಕು, ಕನಿಷ್ಠ ಮೂರು: ಒದ್ದೆಗೆ ಒಂದು, ಒಣಗಿಸಲು ಒಂದು, ರಬ್ಬರು ಅಂಚುಗಳಿಗೆ ಹಳೆಯದೊಂದು. ಕಾರಿನ ಮೈ ಒರೆಸುವ ದಪ್ಪ, ಉದ್ದ ಎಳೆಯದಲ್ಲ. ಗಾಜಿಗೆ ಗಿಡ್ಡ ಎಳೆಯ, ತೆಳು ನೇಯ್ಗೆಯದು ಬೇಕು. ಮೂಲೆಯಲ್ಲಿ ಹೊಲಿದ ನೈಲಾನ್ ಚೀಟಿಯನ್ನು ಕತ್ತರಿಸಿ ಬಿಸಾಡಿ. ಅಷ್ಟು ಸಣ್ಣ ಚೀಟಿಯ ತುದಿಯೇ ಫಿಲ್ಮಿನ ಮೇಲೆ ಕಮಾನಿನಾಕಾರದ ಗೀರು ಎಳೆಯುತ್ತದೆ. ಬಟ್ಟೆ ಒಗೆಯುವಾಗ ಕಂಫರ್ಟಿನಂಥ ಸಾಫ್ಟನರ್ ಬೇಡ, ಎಳೆಗಳ ಮೇಲೆ ಜಿಡ್ಡು ಕೂತು ಅದು ಗಾಜಿಗೆ ಇಳಿಯುತ್ತದೆ. ಸಿಗ್ನಲ್‌ನಲ್ಲಿ ಮಾರುವ ಹಳದಿ ಬಟ್ಟೆ ಬಾನೆಟ್ ಧೂಳಿಗೆ ಇರಲಿ. ಹಳೇ ಬನಿಯನ್ ಮೆತ್ತಗಿದ್ದರೂ ನೂಲೆಳೆ ಬಿಡುತ್ತದೆ, ಅದರ ಹೊಲಿಗೆಯೂ ಒಳ್ಳೆಯದಲ್ಲ.

ಇವಿಷ್ಟಲ್ಲದೆ ವ್ಯಾಕ್ಯೂಮ್, ಒಂದಿಂಚಿನ ಮೆತ್ತನೆ ಪೇಂಟ್ ಬ್ರಷ್, ಹಳೆಯ ಪ್ಲಾಸ್ಟಿಕ್ ಕಾರ್ಡು.

ಕೆಲಸ

ಬೆಳಗ್ಗೆ ಎಂಟರೊಳಗೆ ಇಲ್ಲವೆ ಸಂಜೆ, ನೆರಳಿನಲ್ಲಿ. ಗಾಜು ಕೈಗೆ ತಣ್ಣಗಿರಬೇಕು. ಬಿಸಿ ಗಾಜಿನ ಮೇಲೆ ನೀರು ಒರೆಸುವ ಮೊದಲೇ ಒಣಗಿ ಗೆರೆ ಬಿಡುತ್ತದೆ. ನಾಲ್ಕೂ ಬಾಗಿಲು ತೆರೆದಿರಲಿ. ಆಲ್ಕೋಹಾಲ್ ಬೆಂಕಿಗೆ ಹತ್ತುವಂಥದ್ದು, ತೆಳು ಮಾಡಿದ್ದರೂ ಬಾಟಲಿ ಕೈಲಿರುವಾಗ ಹತ್ತಿರ ಕರ್ಪೂರ, ಊದುಬತ್ತಿ, ಸಿಗರೇಟು ಬೇಡ. ಮನೆಯ ಬ್ಲೀಚನ್ನು ಯಾವ ದ್ರಾವಣಕ್ಕೂ ಬೆರೆಸಬೇಡಿ. ಅಮೋನಿಯಾ ಜೊತೆ, ವಿನೆಗರ್ ಜೊತೆ ಅದು ವಿಷಗಾಳಿ ಬಿಡುತ್ತದೆ, ಕಾರಿನಂಥ ಸಣ್ಣ ಜಾಗದಲ್ಲಿ ಅಪಾಯ.

ಮೊದಲು ಡ್ಯಾಶ್‌ಬೋರ್ಡು, ಸೀಟು, ಡೋರ್ ಪ್ಯಾಡುಗಳ ಮೇಲೆ ಉದುರಿದ ವಿಭೂತಿ, ಕುಂಕುಮ, ಹೂವಿನ ಎಸಳು ಎಲ್ಲವನ್ನೂ ವ್ಯಾಕ್ಯೂಮಿನಲ್ಲಿ ಎಳೆಯಿರಿ. ಗಾಜು ಒರೆಸಿದಮೇಲೆ ಇದನ್ನು ಮಾಡಿದರೆ ಧೂಳು ಮತ್ತೆ ಗಾಜಿಗೇ ಹೋಗುತ್ತದೆ. ವಿಭೂತಿ ಬೂದಿ, ಮುಟ್ಟಲು ನುಣುಪಾಗಿದ್ದರೂ ಅದರಲ್ಲಿ ಗಡಸು ಕಣ ಇರಬಹುದು. ಗಾಜಿಗೆ ಅಂಟಿದ್ದರೆ ಒಣಗಿದ ಸ್ಥಿತಿಯಲ್ಲಿ ಬೆರಳಿನಿಂದ ಉದುರಿಸಬೇಡಿ.

ಆಮೇಲೆ ಗಾಜು ಬಾಗಿಲೊಳಗೆ ಇಳಿಯುವ ಬಾಯಲ್ಲಿರುವ ರಬ್ಬರು, ಮೆಕ್ಯಾನಿಕ್‌ಗಳು ಬೀಡಿಂಗ್ ಎನ್ನುವುದು. ಫಿಲ್ಮಿನ ಮೇಲೆ ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆದಂಥ ಗೀರುಗಳಿದ್ದರೆ ಅಪರಾಧಿ ಇಲ್ಲಿದೆ. ಬೀಡಿಂಗಿನ ಮಖಮಲ್ಲಿನಂಥ ಒಳಮೈಯಲ್ಲಿ ಮರಳು ಸೇರಿಕೊಂಡರೆ ಕಿಟಕಿ ಇಳಿಸಿ ಏರಿಸಿದಾಗಲೆಲ್ಲ ಅದು ಫಿಲ್ಮನ್ನು ಕೆರೆಯುತ್ತದೆ. ಗಾಜನ್ನು ಪೂರ್ತಿ ಇಳಿಸಿ, ಬ್ರಷ್‌ನಿಂದ ಮರಳನ್ನು ಎಬ್ಬಿಸುತ್ತ ಜೊತೆಗೇ ವ್ಯಾಕ್ಯೂಮ್ ಹಿಡಿಯಿರಿ. ಪ್ಲಾಸ್ಟಿಕ್ ಕಾರ್ಡಿಗೆ ಹಳೇ ಮೈಕ್ರೋಫೈಬರನ್ನು ಒಂದು ಸುತ್ತು ಸುತ್ತಿ, ನೀರಲ್ಲಿ ತೇವ ಮಾಡಿ, ಬೀಡಿಂಗಿನ ಸಂದಿನಲ್ಲಿ ಉದ್ದಕ್ಕೂ ಒಮ್ಮೆ ಎಳೆಯಿರಿ. ಬಟ್ಟೆಗೆ ಬರುವ ಕಪ್ಪು ನೋಡಿದರೆ ನಾಲ್ಕು ವರ್ಷದ ಲೆಕ್ಕ ಸಿಗುತ್ತದೆ. ಈ ಕೆಲಸವನ್ನು ಯಾರೂ ಮಾಡುವುದಿಲ್ಲ. ಇದೊಂದನ್ನು ಮೂರು ತಿಂಗಳಿಗೊಮ್ಮೆ ಮಾಡಿದರೆ ಫಿಲ್ಮಿನ ಆಯಸ್ಸು ಹೆಚ್ಚುತ್ತದೆ.

ಈಗ ಗಾಜು. ಪೂರ್ತಿ ಏರಿಸಿ, ಮತ್ತೆ ನಾಲ್ಕೈದು ಸೆಂಟಿಮೀಟರ್ ಮಾತ್ರ ಇಳಿಸಿ. ಏರಿಸಿದ್ದಾಗ ಚೌಕಟ್ಟಿನ ರಬ್ಬರಿನೊಳಗೆ ಅಡಗುವ ಆ ಮೇಲಿನ ಪಟ್ಟಿಯಲ್ಲಿ ಕಂದು ಬಣ್ಣದ ಕೊಳೆಯ ಗೆರೆಯೊಂದು ಕಾಣುತ್ತದೆ. ಅದನ್ನು ಬಿಟ್ಟು ಉಳಿದ ಗಾಜು ಒರೆಸಿದರೆ ಮೊದಲ ಸಲ ಕಿಟಕಿ ಇಳಿಸಿದಾಗಲೇ ಆ ಕೊಳೆ ಕೆಳಗೆ ಬರುತ್ತದೆ. ಶಾಂಪೂ ನೀರನ್ನು ಗಾಜಿಗೆ ಹೊಡೆಯದೆ ನಾಲ್ಕು ಮಡಿಕೆ ಮಾಡಿದ ಬಟ್ಟೆಗೆ ನಾಲ್ಕೈದು ಸಲ ಹೊಡೆಯಿರಿ. ಗಾಜಿಗೆ ಹೊಡೆದರೆ ನೀರು ಜಾರಿ ಕಿಟಕಿಯ ಸ್ವಿಚ್ಚಿಗೆ, ಸ್ಪೀಕರಿಗೆ ಇಳಿಯುತ್ತದೆ, ಫಿಲ್ಮಿನ ಕೆಳ ಅಂಚಿನಲ್ಲಿ ನಿಲ್ಲುತ್ತದೆ. ಬಟ್ಟೆಯನ್ನು ಆ ಕೊಳೆಯ ಗೆರೆಯ ಮೇಲೆ ಅರ್ಧ ನಿಮಿಷ ಸುಮ್ಮನೆ ಒತ್ತಿ ಹಿಡಿಯಿರಿ, ನೆನೆಯಲಿ. ಆಮೇಲೆ ಫಿಲ್ಮಿನಿಂದ ಅಂಚಿನ ಕಡೆಗೆ, ಕೆಳಗಿನಿಂದ ಮೇಲಕ್ಕೆ, ಒಂದೇ ದಿಕ್ಕಿಗೆ ಒರೆಸಿ. ಹೊರಗಿನಿಂದ ಒಳಕ್ಕೆ ಎಳೆದರೆ ಬಟ್ಟೆಯ ಎಳೆ ಫಿಲ್ಮಿನ ತುದಿಗೆ ಸಿಕ್ಕಿ ಅದನ್ನು ಎಬ್ಬಿಸುತ್ತದೆ.

ಪಟ್ಟಿ ಮುಗಿದಮೇಲೆ ಗಾಜು ಏರಿಸಿ ಉಳಿದ ಭಾಗಕ್ಕೆ ಬನ್ನಿ. ಮೊದಲ ಸುತ್ತು ಶಾಂಪೂ ನೀರು, ಮೇಲಿನಿಂದ ಶುರುಮಾಡಿ ಅಡ್ಡಡ್ಡಲಾಗಿ, ಬಟ್ಟೆಯ ತೂಕವೇ ಸಾಕು ಎನ್ನುವಷ್ಟು ಹಗುರಾಗಿ. ಈ ಸುತ್ತಿನ ಕೆಲಸ ಧೂಳು ಎತ್ತುವುದು, ಹೊಳಪು ಬರಿಸುವುದಲ್ಲ. 40 ಸೆಂಟಿಮೀಟರ್ ಚೌಕದ ಬಟ್ಟೆಯನ್ನು ನಾಲ್ಕಾಗಿ ಮಡಚಿದರೆ ತಿರುಗಿಸಿ ಮಗುಚಿ ಎಂಟು ಹೊಸ ಮುಖ ಸಿಗುತ್ತವೆ. ಒಂದು ಗಾಜಿಗೆ ಎರಡು ಮುಖ ಖರ್ಚು ಮಾಡಿ, ಕೊಳೆಯಾದದ್ದನ್ನು ಮತ್ತೆ ಮುಂದಕ್ಕೆ ಒಯ್ಯಬೇಡಿ. ಬಟ್ಟೆ ಕೆಳಗೆ ಬಿತ್ತೆ, ಅವತ್ತಿಗೆ ಅದು ಗಾಜಿಗಿಲ್ಲ.

ಎರಡನೇ ಸುತ್ತಿಗೆ ಆಲ್ಕೋಹಾಲ್ ನೀರು, ಜಿಡ್ಡಿರುವಲ್ಲಿ ಮಾತ್ರ. ಅಂಚಿನಿಂದ ಎರಡು ಬೆರಳು ದೂರ ಇರಿ. ಬಟ್ಟೆ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ಊದುಬತ್ತಿಯ ಜಿಡ್ಡು ಒಂದೇ ಸಲಕ್ಕೆ ಬಿಡದಿದ್ದರೆ ಒತ್ತಡ ಹೆಚ್ಚಿಸದೆ ಇನ್ನೊಂದು ಸಲ ಒರೆಸಿ. ಹಿಂದೆಯೇ ಒಣ ಬಟ್ಟೆ ಓಡಬೇಕು, ದ್ರವ ತಾನಾಗಿ ಒಣಗುವ ಮೊದಲು. ಕೆಳ ಮೂಲೆಗಳಿಗೆ ಕೈ ಹೋಗದಿದ್ದರೆ ಬಟ್ಟೆ ಸುತ್ತಿದ ಕಾರ್ಡು, ಬರಿ ಕಾರ್ಡು ಬೇಡ.

ಒಳಗಡೆ ಅಡ್ಡಡ್ಡ, ಹೊರಗಡೆ ಉದ್ದುದ್ದ ಒರೆಸುವ ಅಭ್ಯಾಸ ಮಾಡಿಕೊಂಡರೆ ಒಂದು ಅನುಕೂಲ: ಗೆರೆ ಉಳಿದಾಗ ಅದು ಯಾವ ಕಡೆಯದೆಂದು ನೋಡಿದ ತಕ್ಷಣ ತಿಳಿಯುತ್ತದೆ. ಕೊನೆಗೆ ಮೊಬೈಲಿನ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಲ್ಲಿ ಚೊಕ್ಕ ಕಂಡದ್ದು ಓರೆ ಬೆಳಕಲ್ಲಿ ಬಣ್ಣ ಬಯಲು ಮಾಡುತ್ತದೆ. ರಾತ್ರಿ ನಿಮ್ಮ ಕಣ್ಣಿಗೆ ಚುಚ್ಚುವುದೂ ಆ ಓರೆ ಬೆಳಕೇ.

ಹಿಂದಿನ ಗಾಜು

ಇದಕ್ಕೆ ಬೇರೆಯೇ ಎಚ್ಚರ ಬೇಕು. ಗಾಜಿನ ಮಂಜು ಕರಗಿಸುವ ಡಿಫಾಗರ್ ಇರುವ ಕಾರಿನಲ್ಲಿ ಅಡ್ಡಡ್ಡ ಕಂದು ಗೆರೆಗಳು ಗಾಜಿನ ಒಳಮೈ ಮೇಲೆ ಅಚ್ಚು ಹಾಕಿದ ಬೆಳ್ಳಿಯ ಲೇಪ. ಕೆಲವು ಕಾರಿನಲ್ಲಿ ರೇಡಿಯೊ ಆಂಟೆನಾ ಕೂಡ ಅಲ್ಲೇ. ಫಿಲ್ಮ್ ಅವುಗಳ ಮೇಲೆ ಹಾಸಿದೆ. ಗೆರೆಯ ಪಕ್ಕದಲ್ಲಿ ಫಿಲ್ಮ್ ಸ್ವಲ್ಪ ಉಬ್ಬಿರುವುದರಿಂದ ಕೊಳೆ ಅಲ್ಲಿ ಕೂರುತ್ತದೆ. ಗೆರೆಯ ಉದ್ದಕ್ಕೇ ಒರೆಸಿ, ಗೆರೆಗೆ ಅಡ್ಡವಾಗಿ ಉಜ್ಜಬೇಡಿ. ಒಂದು ಗೆರೆ ಎಲ್ಲಾದರೂ ತುಂಡಾದರೆ ಅಷ್ಟು ಪಟ್ಟಿಯ ಮಂಜು ಆಮೇಲೆ ಕರಗದು. ಗಾಜಿನ ಅಂಚಿನ ಕಪ್ಪು ಚುಕ್ಕೆಗಳ ಪಟ್ಟಿಯಲ್ಲಿ ಬೆಳ್ಳಗೆ ಕಂಡರೆ ಅದು ಕೊಳೆಯಲ್ಲ, ಚುಕ್ಕೆಗಳ ಏರುತಗ್ಗಿಗೆ ಫಿಲ್ಮ್ ಪೂರ್ತಿ ಅಂಟದೆ ನಡುವೆ ಉಳಿದ ಗಾಳಿ. ಎಷ್ಟು ಉಜ್ಜಿದರೂ ಹೋಗದು, ಉಜ್ಜಿದರೆ ಫಿಲ್ಮ್ ಏಳುತ್ತದೆ.

ಕೈ ಹೋಗುವುದಿಲ್ಲ ಎನ್ನುವುದು ಹಿಂದಿನ ಗಾಜಿನ ದೊಡ್ಡ ತಲೆನೋವು. ಹಿಂದಿನ ಸೀಟಿನ ಬೆನ್ನು ಮಡಚಿ, ಪಾರ್ಸೆಲ್ ಟ್ರೇ ತೆಗೆದು ಒಳಗೆ ಕೂತುಕೊಳ್ಳಿ. ಕೆಳಗಿನ ಇಕ್ಕಟ್ಟಿಗೆ ಅಂಗೈ ಬದಲು ಕೈ ಹಿಂಬದಿಗೆ ಬಟ್ಟೆ ಹಾಸಿಕೊಂಡು ಒರೆಸಿದರೆ ಮೂಲೆಯವರೆಗೂ ತಲುಪುತ್ತದೆ. ಉಂಗುರ, ಬಳೆ, ವಾಚು ಮೊದಲೇ ತೆಗೆದಿಡಿ.

ಮುಂದಿನ ಗಾಜಿಗೆ ನೀವು ಫಿಲ್ಮ್ ಹಾಕಿಸಿಲ್ಲವಾದ್ದರಿಂದ ಅಲ್ಲಿ ಇಷ್ಟು ಮಡಿ ಬೇಡ. ಫಾಸ್ಟ್ಯಾಗ್ ಒದ್ದೆಯಾಗದಂತೆ ನೋಡಿಕೊಂಡರೆ ಸಾಕು.

ಅರಿಶಿನದ ಬೆರಳು

ಮೊದಲು ಒಣ ಪುಡಿಯನ್ನು ವ್ಯಾಕ್ಯೂಮಿನಲ್ಲಿ ಎಳೆಯಿರಿ, ಅದರ ಮೂತಿ ಗಾಜಿಗೆ ತಾಗಬಾರದು. ಸೋಪಿನ ನೀರು ತಾಗಿದೊಡನೆ ಕಲೆ ಕೆಂಪಗಾಗಬಹುದು, ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕುಂಕುಮವಾಗುವ ಹಾಗೆಯೇ ಇದೂ. ಬರೀ ನೀರಲ್ಲಿ ಒರೆಸಿದರೆ ಹಳದಿಗೆ ಮರಳುತ್ತದೆ. ಅರಿಶಿನದ ಬಣ್ಣ ನೀರಿಗಿಂತ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಶೇ 10ರ ದ್ರಾವಣದಲ್ಲಿ ತೇವ ಮಾಡಿದ ಬಟ್ಟೆಯ ಮೂಲೆಯನ್ನು ಕಲೆಯ ಮೇಲೆ ಒಂದು ನಿಮಿಷ ಒತ್ತಿ, ಎತ್ತಿ, ಹೊಸ ಮೂಲೆಯಿಂದ ಮತ್ತೆ ಒತ್ತಿ. ಒರೆಸಬೇಡಿ, ಒತ್ತಿ ತೆಗೆಯಿರಿ. ಒರೆಸಿದರೆ ಬೆರಳಚ್ಚು ಅಂಗೈ ಅಗಲವಾಗುತ್ತದೆ. ನಾಲ್ಕೈದು ಸಲಕ್ಕೆ ಮುಕ್ಕಾಲು ಭಾಗ ಬರುತ್ತದೆ. ಉಳಿದ ತಿಳಿಹಳದಿಯನ್ನು ಬಿಟ್ಟುಬಿಡಿ. ಅರಿಶಿನಕ್ಕೆ ಬೆಳಕು ಆಗಿಬರುವುದಿಲ್ಲ, ಬಟ್ಟೆಯ ಕಲೆ ಬಿಸಿಲಿಗೆ ಮಾಸುವಂತೆ ಇದೂ ದಿನೇದಿನೇ ಮಾಸುತ್ತದೆ. ಫಿಲ್ಮ್ ಅಡ್ಡ ಇರುವುದರಿಂದ ಸ್ವಲ್ಪ ತಡವಾದೀತು.

ಗಂಧ ಒಣಗಿ ಗಟ್ಟಿಯಾಗಿದ್ದರೆ ಉಗುರು ಬೆಚ್ಚಗಿನ ನೀರಿನ ಬಟ್ಟೆ ಐದು ನಿಮಿಷ ಒತ್ತಿದರೆ ಉದುರುತ್ತದೆ. ಸ್ಟಿಕರಿನ ಗೋಂದಿಗೂ ಮೊದಲು ಇದೇ ಬಿಸಿನೀರಿನ ಉಪಾಯ. ಬಗ್ಗದಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಬೆರಳ ತುದಿಯಿಂದ ಉರುಳಿಸಿ ತೆಗೆದು, ಶಾಂಪೂ ನೀರಲ್ಲಿ ಎಣ್ಣೆ ಹೋಗುವವರೆಗೆ ಒರೆಸಿ. ನೀಲಗಿರಿ ಎಣ್ಣೆ, ಪೆಟ್ರೋಲು, ಥಿನ್ನರು, ನೇಲ್ ಪಾಲಿಶ್ ರಿಮೂವರು ಗೋಂದಿನ ಜೊತೆ ಫಿಲ್ಮನ್ನೂ ಕೆಡಿಸಬಲ್ಲವು. ಗಡಸು ನೀರಿನ ಬಿಳಿ ಚುಕ್ಕೆಗೆ ಅಡುಗೆಯ ಬಿಳಿ ವಿನೆಗರ್ 50 ಮಿಲಿಗೆ 200 ಮಿಲಿ ನೀರು ಬೆರೆಸಿ, ಬಟ್ಟೆಯಲ್ಲಿ ಒಂದೆರಡು ನಿಮಿಷ ಒತ್ತಿ, ಬರೀ ನೀರಲ್ಲಿ ಒರೆಸಿಬಿಡಿ, ಅಂಚಿಗೆ ತಾಗಿಸಬೇಡಿ.

ಟೂತ್‌ಪೇಸ್ಟು, ಅಡುಗೆ ಸೋಡಾ, ಹಸಿರು ಸ್ಕ್ರಬ್ಬರು, ಬ್ಲೇಡು, ಬಿಳಿ ಮ್ಯಾಜಿಕ್ ಸ್ಪಂಜು ಇವು ಫಿಲ್ಮಿನ ಹತ್ತಿರವೂ ಸುಳಿಯಬಾರದು. ಸ್ಪಂಜು ಮೆತ್ತಗಿದೆಯಲ್ಲ ಎನಿಸಬಹುದು, ಅದು ಸವೆಸಿಯೇ ಸ್ವಚ್ಛ ಮಾಡುವ ವಸ್ತು.

ಮನೆಯವರು ಜೋಪಾನ ಮಾಡಿದರೂ ಅಪಾರ್ಟ್‌ಮೆಂಟಿನಲ್ಲಿ ತಿಂಗಳ ಲೆಕ್ಕಕ್ಕೆ ಕಾರು ಒರೆಸುವವರು ಇದ್ದರೆ ಅವರಿಗೂ ಒಂದು ಮಾತು ಹೇಳಬೇಕು. ಬೆಳಗಿನ ಜಾವ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಹತ್ತಾರು ಕಾರು ಮುಗಿಸಬೇಕಾದವರು ಅವರು. ಪಕ್ಕದ ಕಾರಿನ ಚಕ್ರ ಒರೆಸಿದ ಬಟ್ಟೆ ನಿಮ್ಮ ಕಾರಿನ ಒಳಗಾಜಿಗೆ ಬಂದರೆ ತಪ್ಪು ಅವರದೆನ್ನಲಾಗದು. ‘ಒಳಗಿನ ಗಾಜು ನಾವೇ ಒರೆಸ್ಕೋತೀವಿ, ನೀವು ಮುಟ್ಟಬೇಡಿ ಅಣ್ಣ’ ಎಂದರೆ ಅವರಿಗೂ ಕೆಲಸ ಕಡಿಮೆ. ಮಳೆಗಾಲದಲ್ಲಿ ಗಾಜು ಮಂಜಾದಾಗ ಅಂಗೈಯಲ್ಲಿ ಒರೆಸುವ ಚಾಳಿಯನ್ನೂ ಬಿಡಿ. ಏಸಿ ಹಾಕಿ, ಒಳಗಾಳಿ ಸುತ್ತುವ ಬಟನ್ ಆರಿಸಿ ಹೊರಗಾಳಿ ಬರಲು ಬಿಟ್ಟರೆ ತುಸು ಹೊತ್ತಿಗೆ ತಿಳಿಯಾಗುತ್ತದೆ. ಅಂಗೈ ಬಿಟ್ಟ ಎಣ್ಣೆಯ ಮೇಲೆ ಮಾರನೇ ದಿನದ ಮಂಜು ಇನ್ನೂ ಬೇಗ ಕೂರುತ್ತದೆ.

ತಿಂಗಳಿಗೊಮ್ಮೆ ಹೀಗೆ ಒರೆಸಿದರೆ ಸಾಕು, ಕಾರಿನಲ್ಲಿ ಸಿಗರೇಟು ಸೇದುವವರಿದ್ದರೆ ಹದಿನೈದು ದಿನಕ್ಕೊಮ್ಮೆ.

ಇನ್ನು ಈಗಾಗಲೇ ಬಿದ್ದಿರುವ ಗೀರು. ಟಾರ್ಚ್ ಹಿಡಿದು ನೋಡಿ: ಕಮಾನಿನಂತೆ ಬಾಗಿದ್ದರೆ ಬಟ್ಟೆ ಅಥವಾ ಪೇಪರಿನದು, ನೇರ ಕೆಳಮುಖವಾಗಿದ್ದರೆ ಬೀಡಿಂಗಿನದು. ಎರಡನ್ನೂ ಪಾಲಿಶ್ ಮಾಡಿ ತೆಗೆಯಲು ಬರುವುದಿಲ್ಲ; ಗಟ್ಟಿ ಲೇಪನ ಅಷ್ಟು ತೆಳು, ಉಜ್ಜಿದ ಜಾಗವೆಲ್ಲ ಹಾಲುಬಣ್ಣಕ್ಕೆ ತಿರುಗುತ್ತದೆ. ಹಗಲಲ್ಲಿ ಕಾಣದೆ ಟಾರ್ಚಿಗೆ ಮಾತ್ರ ಕಾಣುವಂಥದ್ದಾದರೆ ಹಾಗೇ ಇರಲಿ. ಓಡಿಸುವವರ ಬಲ ಎಡ ಗಾಜಿನಲ್ಲಿ, ಕನ್ನಡಿ ನೋಡುವ ಜಾಗದಲ್ಲಿ ರಾತ್ರಿ ಬೆಳಕು ಚೆದುರಿಸುವಷ್ಟಿದ್ದರೆ ಆ ಒಂದೆರಡು ಗಾಜಿನ ಫಿಲ್ಮನ್ನು ತೆಗೆಸಿ. ಹಿಂದಿನ ಗಾಜಿನದನ್ನು ತೆಗೆಸಬೇಕಾಗಿ ಬಂದರೆ ಹಬೆ ಅಥವಾ ಹೀಟ್ ಗನ್ ಬಳಸಿ ನಿಧಾನಕ್ಕೆ ಎಬ್ಬಿಸುವವರ ಬಳಿಯೇ ಹೋಗಿ, ಬ್ಲೇಡ್ ಕೈಗೆತ್ತಿಕೊಂಡರೆ ಅಲ್ಲೇ ತಡೆಯಿರಿ. ಡಿಫಾಗರ್ ಗೆರೆ ಹಳೇ ಗೋಂದಿನ ಜೊತೆ ಕಿತ್ತುಬರುವುದು ಆಗಲೇ. ಹೊಸ ಫಿಲ್ಮ್ ಹಾಕಿಸಿದ್ದರೆ ನಾಲ್ಕೈದು ದಿನ ಕಿಟಕಿ ಇಳಿಸಬೇಡಿ, 30 ದಿನ ಒಳಗಡೆ ಒರೆಸಬೇಡಿ. ಮಳೆಗಾಲವಾದರೆ ಇನ್ನೊಂದು ವಾರ ಸೇರಿಸಿ. ಅಷ್ಟರಲ್ಲಿ ಕಾಣುವ ಸಣ್ಣ ನೀರಿನ ಗುಳ್ಳೆ, ಮಸುಕು ತಾನಾಗಿ ಒಣಗಿ ಹೋಗುತ್ತದೆ, ಬೆರಳಿನಿಂದ ಒತ್ತಬೇಡಿ.